ಲಿನಕ್ಸ್ ಸರ್ವರ್ ಮೇಲೆ ಸ್ವಂತ ಪ್ರಾಕ್ಸಿ: ಶ್ಯಾಡೋಸಾಕ್ಸ್ 2022 ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರಾಕ್ಸಿ ಅಂದ್ರೆ ನಿಮ್ಮ ಪರವಾಗಿ ಸೈಟುಗಳ ಜೊತೆ ಮಾತಾಡೋ ಮಧ್ಯವರ್ತಿ ಸರ್ವರ್. ಶ್ಯಾಡೋಸಾಕ್ಸ್ ಅಂದ್ರೆ ನಿಮ್ಗೂ ಆ ಸರ್ವರ್‌ಗೂ ನಡುವಿನ ಮಾತನ್ನ ಎನ್‌ಕ್ರಿಪ್ಟ್ ಮಾಡೋ ಪ್ರಾಕ್ಸಿ ಪ್ರೋಟೋಕಾಲ್, 2022 ಅನ್ನೋದು ಅದ್ರ ಹೊಸ ಆವೃತ್ತಿ. ಮೊದ್ಲೇ ಒಂದು ಮಾತು. ಕಮಾಂಡು, ಫೈಲು, ಆಪ್ಷನ್ ಹೆಸರೆಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಇದೆ, ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸ್ಮಾಲ್ ಲೆಟರ್ ಬಳಸಿ, ದೊಡ್ಡ ಅಂತ ಹೇಳಿರೋ ಕಡೆ ಮತ್ತೆ ಸಿಸ್ಟಮ್‌ಡಿ ಯೂನಿಟ್ ಒಳಗಿನ ಹೆಸರುಗಳಲ್ಲಿ ಮಾತ್ರ ಕ್ಯಾಪಿಟಲ್ ಬರತ್ತೆ. ಉಬುಂಟು 24.04 ಅಥವಾ ಡೆಬಿಯನ್ 12 ಇದೆ ಅಂದ್ಕೊಂಡು ಬರ್ದಿರೋದು. ಬೇರೆ ಡಿಸ್ಟ್ರೋ ಆದ್ರೆ ಫೈರ್‌ವಾಲ್ ಭಾಗ ಸ್ವಲ್ಪ ಬದ್ಲಾಗತ್ತೆ, ಉಳಿದಿದ್ದೆಲ್ಲಾ ಹೆಚ್ಚುಕಮ್ಮಿ ಅದೇ.

ನಂಗೆ ಇದು ನಿಜವಾಗ್ಲೂ ಬೇಕಾ?

ಎಲ್ಲರಿಗೂ ಬೇಡ. ಸಾಮಾನ್ಯವಾಗಿ ಕೇಳ್ಕೊಂಡು ಬರೋರು ಮೂರು ಥರ. ಹೊರದೇಶದಲ್ಲಿರೋ ನಮ್ಮೋರು, ಇಂಡಿಯಾ ಐಪಿ ಇಲ್ದೆ ಕೆಲವು ಸರ್ಕಾರಿ ಸೈಟುಗಳು ತೆರೆಯೋದೇ ಇಲ್ಲ ಅಂತ. ಇನ್ನೊಂದಷ್ಟು ಜನ ಪಿಜಿ, ಹಾಸ್ಟೆಲ್ಲು, ಹೋಟೆಲ್ ವೈಫೈ ಮೇಲೆ ನಂಬಿಕೆ ಇಲ್ದೋರು. ಮೂರನೇದು ಕೆಲ್ಸದ ಮೇಲೆ ಚೀನಾಗೆ ಹೋಗೋರು, ಅಲ್ಲಿ ಗೂಗಲ್ಲೂ ಇಲ್ಲ ವಾಟ್ಸಾಪೂ ಇಲ್ಲ. ಮೂರಕ್ಕೂ ಉತ್ತರ ಬೇರೆ ಬೇರೆ, ಅದಕ್ಕೇ ಇಷ್ಟುದ್ದ ಬರೀಬೇಕಾಯ್ತು. ಇನ್ನು ಯಾರಿಗೂ ನಾನು ಯಾರು ಅಂತ ಗೊತ್ತಾಗ್ಬಾರ್ದು ಅಂತ ಬಂದಿದ್ರೆ ಸ್ವಂತ ಪ್ರಾಕ್ಸಿ ನಿಮ್ಗಲ್ಲ, ಕೆಳಗೆ ಅದ್ರ ಬಗ್ಗೆ ಬೇರೆ ಪ್ರಶ್ನೆ ಇದೆ ನೋಡಿ.

ವಿಪಿಎನ್‌ಗೂ ಇದಕ್ಕೂ ಏನ್ ವ್ಯತ್ಯಾಸ? ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕ್ಕೊಂಡ್ರೆ ಆಗಲ್ವಾ?

ಆಗತ್ತೆ, ಎಷ್ಟೋ ಜನಕ್ಕೆ ಅದೇ ಒಳ್ಳೇದು. ವೈರ್‌ಗಾರ್ಡ್ 2020ರ ಮಾರ್ಚಲ್ಲಿ ಬಂದ 5.6 ಕರ್ನಲ್‌ನಿಂದ ಲಿನಕ್ಸ್ ಒಳಗೇ ಇದೆ, ಫೋನಿನ ಟ್ರಾಫಿಕ್ ಪೂರ್ತಿ ಟನಲ್ ಒಳಗೆ ಹೋಗ್ಬೇಕು ಅಂದ್ರೆ ಅದನ್ನೇ ಹಾಕಿ. ಪ್ರಾಕ್ಸಿ ಕೆಲ್ಸ ಮಾಡೋದು ಅದಕ್ಕಿಂತ ಒಂದು ಹಂತ ಮೇಲೆ, ಒಂದೊಂದು ಕನೆಕ್ಷನ್ ಲೆಕ್ಕದಲ್ಲಿ. ಬ್ರೌಸರ್ ಮಾತ್ರ ಪ್ರಾಕ್ಸಿ ಮೂಲಕ ಹೋಗ್ಲಿ, ಬ್ಯಾಂಕ್ ಆಪು ಯುಪಿಐ ಎಲ್ಲಾ ಮಾಮೂಲಿ ದಾರೀಲಿ ಹೋಗ್ಲಿ ಅಂತ ಬೇರ್ಪಡಿಸೋದು ಇಲ್ಲಿ ಸಲೀಸು. ಇನ್ನೊಂದು, ವೈರ್‌ಗಾರ್ಡ್ ಯುಡಿಪಿ (ತಲುಪಿತಾ ಅಂತ ಖಾತ್ರಿ ಮಾಡ್ಕೊಳ್ದೆ ಪ್ಯಾಕೆಟ್ ಕಳಿಸೋ ವಿಧಾನ) ಮೇಲೇ ಓಡೋದು, ಅದ್ರ ಮೊದಲ ಪ್ಯಾಕೆಟ್ಟಿನ ಆಕಾರ ಯಾವಾಗ್ಲೂ ಒಂದೇ. ಅದು ತಾನು ವೈರ್‌ಗಾರ್ಡ್ ಅಂತ ಮುಚ್ಚಿಡೋಕೆ ಪ್ರಯತ್ನನೂ ಮಾಡಲ್ಲ, ಹಾಗಾಗಿ ಬ್ಲಾಕ್ ಮಾಡ್ಬೇಕು ಅಂತ ಕೂತಿರೋ ನೆಟ್‌ವರ್ಕ್‌ಗೆ ಅದು ಸುಲಭದ ತುತ್ತು.

ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡ್ದೆ ಪ್ರಾಕ್ಸಿ ಸಿಗತ್ತಾ?

ಸಿಗತ್ತೆ, ಮತ್ತೆ ಇದನ್ನ ಟ್ರೈ ಮಾಡ್ದೆ ಮುಂದಕ್ಕೆ ಹೋಗ್ಬೇಡಿ ಅಂತಾನೇ ಹೇಳ್ತೀನಿ. ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗೋ ವಿಧಾನ) ಲಾಗಿನ್ ಇದ್ರೆ ಸಾಕು, ಲಾಗಿನ್ ಕಮಾಂಡ್ ಜೊತೆ ಹೈಫನ್ ದೊಡ್ಡ ಡಿ, ಆಮೇಲೆ 1080 ಅಂತ ಸೇರಿಸಿ. ಶೆಲ್ ಬೇಡ, ಟನಲ್ ಒಂದೇ ಸಾಕು ಅಂದ್ರೆ ಹೈಫನ್ ದೊಡ್ಡ ಎನ್ ಕೂಡ ಹಾಕಿ. ಅಷ್ಟಕ್ಕೇ ನಿಮ್ ಲ್ಯಾಪ್‌ಟಾಪಲ್ಲಿ 1080ನೇ ಪೋರ್ಟಿನ ಮೇಲೆ ಒಂದು ಸಾಕ್ಸ್5 (ಆಪ್‌ಗಳು ಪ್ರಾಕ್ಸಿ ಜೊತೆ ಮಾತಾಡೋ ಸಾಮಾನ್ಯ ವಿಧಾನ) ಪ್ರಾಕ್ಸಿ ರೆಡಿ. ಫೈರ್‌ಫಾಕ್ಸ್ ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ಸಾಕ್ಸ್ ಹೋಸ್ಟ್ 127.0.0.1, ಪೋರ್ಟ್ 1080 ಕೊಟ್ಟು ಓಕೆ ಒತ್ತಿ, ಮುಗೀತು.

ಎನ್‌ಕ್ರಿಪ್ಷನ್ ವಿಷ್ಯದಲ್ಲೂ ಇದೇನು ಹಳೇ ಕಾಲದ್ದಲ್ಲ. 2022ರ ಏಪ್ರಿಲಲ್ಲಿ ಬಂದ ಓಪನ್ ಎಸ್‌ಎಸ್‌ಎಚ್ 9.0ರಿಂದ ಕೀ ಎಕ್ಸ್‌ಚೇಂಜ್ ಡಿಫಾಲ್ಟಾಗೇ ಕ್ವಾಂಟಮ್ ಕಂಪ್ಯೂಟರ್ ಬಂದ್ರೂ ತಡ್ಕೊಳ್ಳೋ ಥರದ ಜಂಟಿ ವಿಧಾನ. 2025ರ 10.0 ಬಂದ್ಮೇಲೆ ಆ ಜಾಗಕ್ಕೆ ಎಮ್‌ಎಲ್-ಕೆಮ್ ಅನ್ನೋ ಅದೇ ಥರದ ಇನ್ನೊಂದು ವಿಧಾನ ಬಂತು. ಎರಡೂ ಕಡೆ ವರ್ಷನ್ ಹೊಸದಿರ್ಬೇಕು, ಅಷ್ಟೇ.

ಹಾಗಾದ್ರೆ ಎಸ್‌ಎಸ್‌ಎಚ್ ಬಿಟ್ಟು ಬೇರೇದಕ್ಕೆ ಹೋಗೋದು ಯಾವಾಗ?

ವಾಟ್ಸಾಪ್ ಕಾಲು, ಗೇಮು, ಎಚ್‌ಟಿಟಿಪಿ 3 ಇಂಥವಕ್ಕೆ ಯುಡಿಪಿ ಬೇಕು, ಎಸ್‌ಎಸ್‌ಎಚ್ ಕೊಡೋ ಸಾಕ್ಸ್‌ನಲ್ಲಿ ಟಿಸಿಪಿ (ಕಳೆದ ಪ್ಯಾಕೆಟ್ಟನ್ನ ಮತ್ತೆ ಕಳಿಸೋ ವಿಧಾನ) ಮಾತ್ರ. ಅದೂ ಅಲ್ದೆ ನಿಮ್ಮ ಹತ್ತು ಟ್ಯಾಬಿನ ಟ್ರಾಫಿಕ್ಕೂ ಒಂದೇ ಒಂದು ಟಿಸಿಪಿ ಕನೆಕ್ಷನ್ ಒಳಗೆ ತುರುಕ್ಕೊಂಡು ಹೋಗತ್ತೆ, ಒಂದು ಪ್ಯಾಕೆಟ್ ಕಳೆದ್ರೂ ಅದು ಮತ್ತೆ ಬರೋ ತನಕ ಎಲ್ಲಾ ಟ್ಯಾಬೂ ಕಾಯ್ತಾ ಕೂರ್ಬೇಕು, ನೆಟ್ ಚೆನ್ನಾಗಿಲ್ದೇ ಇರೋ ಜಾಗದಲ್ಲಿ ಇದು ಚೆನ್ನಾಗೇ ಗೊತ್ತಾಗತ್ತೆ. ಫೋನಲ್ಲಿ ಇಡೀ ದಿನ ಎಸ್‌ಎಸ್‌ಎಚ್ ಓಡಿಸೋದಂತೂ ಗೋಳು. ಅಮ್ಮನ ಫೋನಿಗೂ ಹಾಕ್ಕೊಡ್ಬೇಕು ಅಂದ್ರೆ ಅವರಿಗೆ ಸರ್ವರ್ ಲಾಗಿನ್ ಕೊಡೋಕಾಗತ್ತಾ? ಅಲ್ಲಿಗೆ ಶ್ಯಾಡೋಸಾಕ್ಸ್ ಬರತ್ತೆ.

ಆಫೀಸಲ್ಲಿ ಸ್ಕ್ವಿಡ್ ಅನ್ನೋ ವೆಬ್ ಪ್ರಾಕ್ಸಿ ಹಾಕಿದಾರೆ, ನಾನೂ ಅದನ್ನೇ ಹಾಕ್ಲಾ?

ಆಫೀಸ್ ಲ್ಯಾನ್ ಒಳಗೆ ಸ್ಕ್ವಿಡ್ ಚೆನ್ನಾಗಿದೆ. ಆದ್ರೆ 3128ನೇ ಪೋರ್ಟಲ್ಲಿ ಮಾಮೂಲಿಯಾಗಿ ಓಡೋ ಸ್ಕ್ವಿಡ್‌ಗೂ ನಿಮ್ಮ ಬ್ರೌಸರ್‌ಗೂ ನಡುವಿನ ಮಾತು ಎನ್‌ಕ್ರಿಪ್ಟ್ ಆಗಿರಲ್ಲ, ಯಾವ ಸೈಟಿಗೆ ಹೋಗ್ತಿದೀರ ಅನ್ನೋದು ದಾರೀಲಿ ಕೂತೋರಿಗೆ ಹೆಸರು ಸಮೇತ ಕಾಣ್ಸತ್ತೆ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿದ್ರೆ ಅದೂ ಸಾಮಾನ್ಯವಾಗಿ ಬೇಸ್64 ರೂಪದಲ್ಲೇ ಹೋಗತ್ತೆ, ಅದನ್ನ ಬಿಚ್ಚೋಕೆ ಒಂದು ನಿಮಿಷನೂ ಬೇಡ. ಇಂಟರ್‌ನೆಟ್ ದಾಟಿ ಬಳಸೋಕೆ ಅದು ಆಗಲ್ಲ.

ಪಾಸ್‌ವರ್ಡೇ ಇಲ್ದೆ ಸಾಕ್ಸ್ ಪ್ರಾಕ್ಸಿನ ಎಲ್ಲಾ ಐಪಿಗೂ ತೆರೆದಿಡೋರೂ ಇದಾರೆ. ಅದು ಜಾತ್ರೇಲಿ ಅನ್ನದಾನಕ್ಕೆ ಎಲೆ ಹಾಕಿದಂಗೆ, ಯಾರ್ಯಾರೋ ಬಂದು ಕೂತ್ಕೋತಾರೆ. ಬಾಟ್‌ಗಳು ಹುಡುಕ್ತಾನೇ ಇರ್ತವೆ, ನಿಮ್ ಐಪಿಯಿಂದ ಸ್ಪ್ಯಾಮ್ ಹೋಗಿ ಅಬ್ಯೂಸ್ ಮೇಲ್ ಬರೋದು ಮಾತ್ರ ನಿಮ್ಗೇ.

ಶ್ಯಾಡೋಸಾಕ್ಸ್ ಎಲ್ಲಿಂದ ಬಂತು?

ಚೀನಾದಿಂದ. 2012ರಲ್ಲಿ ಕ್ಲೋವಿಂಡಿ ಅನ್ನೋ ಹೆಸರಿಟ್ಕೊಂಡ ಒಬ್ಬ ಪ್ರೋಗ್ರಾಮರ್ ಅಲ್ಲಿನ ಸೆನ್ಸಾರ್ ದಾಟೋಕೆ ಪೈಥಾನಲ್ಲಿ ಬರ್ದಿದ್ದು. 2015ರ ಆಗಸ್ಟಲ್ಲಿ ಪೊಲೀಸರು ಬಂದು ಕೆಲ್ಸ ನಿಲ್ಸು ಅಂದ್ರು ಅಂತ ಅವರೇ ಬರ್ದು ಗಿಟ್‌ಹಬ್‌ನಿಂದ ಕೋಡ್ ತೆಗೆದ್ರು. ಆದ್ರೆ ಕೋಡ್ ಆಗ್ಲೇ ಎಲ್ಲರ ಕೈಗೂ ಸಿಕ್ಕಿತ್ತು, ಬೇರೆಯೋರು ಮುಂದುವರೆಸಿದ್ರು. ಸಿ ಭಾಷೆಯಲ್ಲಿ ಲಿಬೆವ್ ಬಂತು, ಈಗ ಜೀವಂತವಾಗಿರೋದು ರಸ್ಟ್‌ನಲ್ಲಿ ಬರೆದ ಶ್ಯಾಡೋಸಾಕ್ಸ್-ರಸ್ಟ್. ಗೂಗಲ್‌ಗೆ ಸೇರಿದ ಜಿಗ್‌ಸಾ 2018ರಲ್ಲಿ ಬಿಟ್ಟ ಔಟ್‌ಲೈನ್ ಒಳಗಿರೋದೂ ಇದೇ ಪ್ರೋಟೋಕಾಲ್.

ಒಂದು ಟ್ಯುಟೋರಿಯಲ್‌ನಲ್ಲಿ ಎಇಎಸ್-256-ಸಿಎಫ್‌ಬಿ ಅನ್ನೋ ಸೈಫರ್ (ಎನ್‌ಕ್ರಿಪ್ಟ್ ಮಾಡೋ ವಿಧಾನ) ಹಾಕಿ ಅಂತಿದೆ. 256 ಅಂದ್ರೆ ಸ್ಟ್ರಾಂಗ್ ತಾನೆ?

ಆ ಟ್ಯುಟೋರಿಯಲ್ ಮುಚ್ಬಿಡಿ. ಆರ್‌ಸಿ4-ಎಮ್‌ಡಿ5 ಅಂತಿದ್ರೆ ಇನ್ನೂ ಬೇಗ ಮುಚ್ಚಿ. ಇಲ್ಲಿ ತೊಂದ್ರೆ ಕೀ ಉದ್ದದ್ದಲ್ಲ. ಆ ಹಳೇ ಸ್ಟ್ರೀಮ್ ಸೈಫರ್‌ಗಳು ಡೇಟಾನ ಮುಚ್ಚಿಡ್ತವೆ, ಆದ್ರೆ ಮಧ್ಯದಲ್ಲಿ ಯಾರಾದ್ರೂ ಅದನ್ನ ತಿದ್ದಿದಾರಾ ಅಂತ ನೋಡಲ್ಲ. 2020ರ ಫೆಬ್ರವರಿಯಲ್ಲಿ ಒಂದು ದಾಳಿ ಬಹಿರಂಗ ಆಯ್ತು, ಕೇಳಿದ್ರೆ ಬೆಚ್ಚಿಬೀಳ್ಬೇಕು: ದಾರೀಲಿ ಕೂತೋನು ನಿಮ್ಮ ಟ್ರಾಫಿಕ್ ರೆಕಾರ್ಡ್ ಮಾಡ್ಕೋತಾನೆ, ವೆಬ್ ಸರ್ವರ್ ಕೊಡೋ ಉತ್ತರದ ಮೊದಲ ಕೆಲವು ಅಕ್ಷರ ಏನು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷ್ಯ, ಅಷ್ಟು ಭಾಗನ ಲೆಕ್ಕ ಹಾಕಿ ತಿದ್ದಿ ಅಲ್ಲಿ ತನ್ನ ಐಪಿ ಅಡ್ರೆಸ್ ಬರೋ ಹಾಗೆ ಮಾಡಿ ನಿಮ್ಮದೇ ಸರ್ವರ್‌ಗೆ ವಾಪಸ್ ಕಳಿಸ್ತಾನೆ, ನಿಮ್ಮ ಸರ್ವರ್ ಪಾಪ ಅದನ್ನ ಡಿಕ್ರಿಪ್ಟ್ ಮಾಡಿ ಅವನಿಗೇ ತಲುಪಿಸತ್ತೆ. ಕೀ ಒಡೀಲೇ ಇಲ್ಲ, ಪಾಸ್‌ವರ್ಡ್ ಕದೀಲೇ ಇಲ್ಲ.

2017ರಿಂದ ಬಂದ ಎಇಎಡಿ ಸೈಫರ್‌ಗಳಲ್ಲಿ ಪ್ರತೀ ತುಣುಕಿಗೂ ಒಂದು ಮುದ್ರೆ ಇರತ್ತೆ, ಒಂದು ಬಿಟ್ ತಿದ್ದಿದ್ರೂ ಸರ್ವರ್ ಅದನ್ನ ಬಿಸಾಕತ್ತೆ. ಎಇಎಸ್-256-ಜಿಸಿಎಮ್, ಚಾಚಾ20-ಐಇಟಿಎಫ್-ಪಾಲಿ1305 ಎರಡೂ ಈ ಜಾತಿ.

ಹಾಗಾದ್ರೆ 2022 ಅಂತ ಇನ್ನೊಂದು ಯಾಕೆ?

2017ರ ವಿಧಾನದಲ್ಲೂ ಎರಡು ಸಣ್ಣ ಹುಳುಕು ಉಳ್ಕೊಂಡಿತ್ತು. ಒಂದು ಪಾಸ್‌ವರ್ಡು. ನೀವು ಏನೇ ಬರೆದ್ರೂ ಅದನ್ನ ಎಮ್‌ಡಿ5 ಅನ್ನೋ ಹಳೇ ಹ್ಯಾಷ್ ಮೂಲಕ ಹಿಂಡಿ ಕೀ ಮಾಡ್ತಿತ್ತು, ಜನ ಅಂತೂ ನಾಯಿ ಹೆಸರು ಹುಟ್ಟಿದ್ ದಿನ ಎಲ್ಲಾ ಇಡ್ತಿದ್ರು, ಊಹಿಸಿ ಒಡೆಯೋದು ಕಷ್ಟ ಇರ್ಲಿಲ್ಲ. ಎರಡನೇದು ರೀಪ್ಲೇ. ನಿಮ್ಮ ಹಳೇ ಕನೆಕ್ಷನ್ನಿನ ಬೈಟ್‌ಗಳನ್ನೇ ಯಾರೋ ಇನ್ನೊಂದ್ಸಲ ಕಳಿಸಿದ್ರೆ ಅದು ಹಳೇದು ಅಂತ ತಿಳ್ಕೊಳೋಕೆ ಸರ್ವರ್ ಬಂದ ಸಾಲ್ಟ್‌ಗಳನ್ನೆಲ್ಲಾ (ಪ್ರತೀ ಕನೆಕ್ಷನ್ ಶುರುವಲ್ಲಿ ಬರೋ ರ‍್ಯಾಂಡಮ್ ಬೈಟ್‌ಗಳು) ನೆನಪಿಟ್ಕೋಬೇಕು, ಎಷ್ಟು ದಿನ ಅಂತ ಇಟ್ಕೊಳತ್ತೆ? ಚೀನಾದ ಫೈರ್‌ವಾಲ್ ಇದನ್ನೇ ಬಳಸ್ಕೊಂಡು ಸರ್ವರ್‌ಗಳನ್ನ ಕೆಣಕಿ ನೋಡ್ತಿತ್ತು.

2022ರ ಆವೃತ್ತಿಯಲ್ಲಿ ಪಾಸ್‌ವರ್ಡ್ ಜಾಗದಲ್ಲಿ ನಿಜವಾದ ರ‍್ಯಾಂಡಮ್ ಕೀನೇ ಕೊಡ್ಬೇಕು, ಬೇರೆ ಏನು ಕೊಟ್ರೂ ಸ್ಟಾರ್ಟೇ ಆಗಲ್ಲ. ಅದ್ರಿಂದ ಪ್ರತೀ ಕನೆಕ್ಷನ್‌ಗೂ ಬೇರೆ ಉಪಕೀ ತೆಗೆಯೋ ಕೆಲ್ಸ ಬ್ಲೇಕ್3 ಅನ್ನೋ ಹ್ಯಾಷ್‌ದು. ಪ್ರತೀ ಕನೆಕ್ಷನ್ ಜೊತೆ ಟೈಮ್‌ಸ್ಟ್ಯಾಂಪೂ ಹೋಗತ್ತೆ, 30 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಸರ್ವರ್ ಸೇರ್ಸಲ್ಲ, ಹಾಗಾಗಿ ಸಾಲ್ಟ್‌ಗಳನ್ನ ಬರೀ 60 ಸೆಕೆಂಡ್ ನೆನಪಿಟ್ಕೊಂಡ್ರೆ ಸಾಕು. ಈ 30 ಸೆಕೆಂಡ್ ಅನ್ನೋದನ್ನ ತಲೇಲಿ ಇಟ್ಕೊಳ್ಳಿ, ಕನೆಕ್ಟ್ ಆಗ್ತಿಲ್ಲ ಅನ್ನೋರಲ್ಲಿ ಬಹಳಷ್ಟು ಜನಕ್ಕೆ ಕಾರಣ ಇದೇ.

ಎಇಎಸ್ ಹಾಕ್ಲಾ ಚಾಚಾ ಹಾಕ್ಲಾ?

ಎಇಎಸ್. ಈಚೆಗಿನ ಇಂಟೆಲ್, ಎಎಮ್‌ಡಿ ಪ್ರೊಸೆಸರು, 64 ಬಿಟ್ ಫೋನುಗಳು, ಬಹುಪಾಲು ಎಲ್ಲದ್ರಲ್ಲೂ ಎಇಎಸ್‌ಗೆ ಹಾರ್ಡ್‌ವೇರೇ ಇದೆ. ಹಳೇ ರೌಟರು, ರಾಸ್ಪ್‌ಬೆರಿ ಪೈ 4 ಥರದ ಪುಟ್ಟ ಕಂಪ್ಯೂಟರ್ ಇದ್ರೆ ಮಾತ್ರ ಚಾಚಾ ಜೋರು, ಪೈ 4ರ ಚಿಪ್ಪಲ್ಲಿ ಎಇಎಸ್ ಸೂಚನೆಗಳೇ ಇಲ್ಲ. ಮನೆಮಂದಿಗೆಲ್ಲಾ ಬೇರೆ ಬೇರೆ ಕೀ ಕೊಡೋ ಪ್ಲ್ಯಾನ್ ಇದ್ರೂ ಎಇಎಸೇ ಬೇಕು, ಮಲ್ಟಿ ಯೂಸರ್ ಸೌಲಭ್ಯ ಇರೋದು ಅದಕ್ಕೆ ಮಾತ್ರ.

ಸರ್ವರ್ ಎಲ್ಲಿ ತಗೊಳ್ಳೋದು, ಎಷ್ಟು ದೊಡ್ದು ಬೇಕು?

ತೀರಾ ಚಿಕ್ಕದೇ ಸಾಕು, 512 ಎಂಬಿ ರ‍್ಯಾಮ್‌ನಲ್ಲಿ ಒಂದು ಮನೆಯೋರಿಗೆಲ್ಲಾ ಆರಾಮಾಗಿ ನಡೆಯತ್ತೆ. ನೋಡ್ಬೇಕಾಗಿರೋದು ತಿಂಗಳಿಗೆ ಎಷ್ಟು ಡೇಟಾ ಕೊಡ್ತಾರೆ ಅನ್ನೋದು, ಯಾಕಂದ್ರೆ ಒಂದು ವೀಡಿಯೋ ನೋಡಿದ್ರೆ ಸರ್ವರ್ ಒಳಗೊಂದ್ಸಲ ಬಂದು ಹೊರಗೊಂದ್ಸಲ ಹೋಗತ್ತೆ. ಹೊರದೇಶದಿಂದ ಇಂಡಿಯಾ ಐಪಿ ಬೇಕು ಅನ್ನೋರಿಗೆ ಡಿಜಿಟಲ್ ಓಶನ್‌ದು ಬೆಂಗಳೂರಲ್ಲೇ ಇದೆ, ಎಡಬ್ಲ್ಯುಎಸ್ ಮುಂಬೈ, ಹೈದರಾಬಾದಲ್ಲಿದೆ. ಒಂದು ಎಚ್ಚರಿಕೆ: ಇವೆಲ್ಲಾ ಡೇಟಾ ಸೆಂಟರ್ ಐಪಿ ಅಂತ ಎಲ್ಲರಿಗೂ ಗೊತ್ತು. ಓಟಿಟಿ ಆಪ್‌ಗಳು, ಕೆಲವು ಬ್ಯಾಂಕ್ ಸೈಟುಗಳು ಇಂಥ ಐಪಿ ಕಂಡ್ರೆ ಬಾಗ್ಲು ಹಾಕ್ಕೋತವೆ. ಕ್ರಿಕೆಟ್ ನೋಡೋಕೆ ಅಂತಾನೇ ಸರ್ವರ್ ತಗೋತಿದ್ರೆ ದುಡ್ಡು ದಂಡ ಆಗೋ ಸಾಧ್ಯತೆನೇ ಜಾಸ್ತಿ.

ಮನೇಲಿರೋ ರಾಸ್ಪ್‌ಬೆರಿ ಪೈ ಮೇಲೆ ಹಾಕಿದ್ರೆ?

ಮನೆ ಐಪಿ ಸಿಗತ್ತೆ, ಅದು ನಿಜವಾಗ್ಲೂ ಲಾಭ. ಆದ್ರೆ ನಮ್ಮ ಕಡೆ ತುಂಬಾ ಕನೆಕ್ಷನ್‌ಗಳು ಸಿಜಿನ್ಯಾಟ್ ಹಿಂದೆ ಇರ್ತವೆ, ಒಂದೇ ಪಬ್ಲಿಕ್ ಐಪಿಯನ್ನ ನೂರಾರು ಮನೆ ಹಂಚ್ಕೊಂಡಿರತ್ತೆ, ಹೊರಗಿನಿಂದ ನಿಮ್ಮ ಪೈ ತನಕ ಬರೋಕೆ ದಾರೀನೇ ಇಲ್ಲ. ರೌಟರ್ ಪೇಜಲ್ಲಿ ಕಾಣ್ಸೋ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಇದ್ರೆ ಅದೇ ಕಥೆ. ಕೇಬಲ್ಲಿನೋರ ಹತ್ರ ತಿಂಗಳಿಗೆ ಇಷ್ಟು ಅಂತ ಕೊಟ್ಟು ಸ್ಟ್ಯಾಟಿಕ್ ಐಪಿ ತಗೋಬಹುದು, ಇಲ್ಲಾ ಐಪಿವಿ6 ಇದ್ರೆ ಅದ್ರಲ್ಲಿ ಬಿಡಬಹುದು, ಎರಡೂ ಆಗಲ್ಲ ಅಂದ್ರೆ ಪೈಯಿಂದ ಒಂದು ಸಣ್ಣ ವಿಪಿಎಸ್‌ಗೆ (ಬಾಡಿಗೆಗೆ ಸಿಗೋ ವರ್ಚುವಲ್ ಸರ್ವರ್) ರಿವರ್ಸ್ ಎಸ್‌ಎಸ್‌ಎಚ್ ಟನಲ್ ಹಾಕ್ಬೇಕು. ಕರೆಂಟ್ ಹೋದ್ರೆ ಪ್ರಾಕ್ಸೀನೂ ಹೋಯ್ತು ಅನ್ನೋದನ್ನ ನಾನು ಬೇರೆ ಹೇಳ್ಬೇಕಾ.

ಸರಿ, ಇನ್‌ಸ್ಟಾಲ್ ಹೇಗೆ? ಆಪ್ಟ್‌ನಲ್ಲಿ ಸಿಕ್ತಲ್ಲ, ಅದನ್ನೇ ಹಾಕ್ಲಾ?

ಆಪ್ಟ್‌ನಲ್ಲಿ ಕಾಣೋದು ಶ್ಯಾಡೋಸಾಕ್ಸ್-ಲಿಬೆವ್. ಅದಕ್ಕೆ ಹೊಸ ಸೌಲಭ್ಯ ಸೇರ್ಸೋದು ನಿಲ್ಸಿದಾರೆ, 2022 ಸೈಫರ್ ಅದ್ರಲ್ಲಿ ಇಲ್ಲ. ಶ್ಯಾಡೋಸಾಕ್ಸ್-ರಸ್ಟ್‌ನ ಗಿಟ್‌ಹಬ್ ರಿಲೀಸ್ ಪೇಜಿಂದ ಟಾರ್ ಫೈಲ್ ಇಳಿಸ್ಕೊಳ್ಳಿ. ಎಕ್ಸ್86-64 ಸಾಲಲ್ಲಿ ಗ್ನೂ, ಮಸಲ್ ಅಂತ ಎರಡಿರತ್ತೆ, ಮಸಲ್‌ದು ತಗೊಂಡ್ರೆ ಜಿಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) ವರ್ಷನ್ ಜಗಳ ಇರಲ್ಲ. ಪಕ್ಕದಲ್ಲಿ ಶಾ256 ಫೈಲೂ ಇದೆ, ತಾಳೆ ನೋಡಿ. ಬಿಚ್ಚಿದ್ರೆ ಒಳಗೆ ಎಸ್‌ಎಸ್‌ಸರ್ವರ್, ಎಸ್‌ಎಸ್‌ಲೋಕಲ್, ಎಸ್‌ಎಸ್‌ಸರ್ವಿಸ್ ಥರ ಒಂದಷ್ಟು ಬೈನರಿ ಇರತ್ತೆ, ಯುಎಸ್‌ಆರ್ ಲೋಕಲ್ ಬಿನ್‌ಗೆ ಕಾಪಿ ಮಾಡಿದ್ರೆ ಆಯ್ತು. ಸ್ನ್ಯಾಪಲ್ಲೂ ಸಿಗತ್ತೆ. ಒಂದೇ ಲೈನಲ್ಲಿ ಎಲ್ಲಾ ಇನ್‌ಸ್ಟಾಲ್ ಮಾಡ್ಕೊಡೋ ಸ್ಕ್ರಿಪ್ಟ್‌ಗಳನ್ನ ರೂಟಲ್ಲಿ ಓಡಿಸೋದು ನಂಗಂತೂ ಇಷ್ಟ ಇಲ್ಲ, ಯಾರೋ ಬರೆದಿದ್ದನ್ನ ಓದ್ದೆ ರೂಟ್ ಕೊಟ್ರೆ ಆಮೇಲೆ ಎನ್‌ಕ್ರಿಪ್ಷನ್ ಬಗ್ಗೆ ಮಾತಾಡಿ ಏನುಪಯೋಗ.

ಕೀ ಹೇಗೆ ಮಾಡೋದು?

ಎಸ್‌ಎಸ್‌ಸರ್ವಿಸ್ ಜೆನ್‌ಕೀ, ಆಮೇಲೆ ಹೈಫನ್ ಎಮ್, ಆಮೇಲೆ ಸೈಫರ್ ಹೆಸರು 2022-ಬ್ಲೇಕ್3-ಎಇಎಸ್-256-ಜಿಸಿಎಮ್. ಅದು ಉಗಿಯೋ ಉದ್ದ ಸಾಲೇ ಕೀ. ಓಪನ್ ಎಸ್‌ಎಸ್‌ಎಲ್‌ನ ರ‍್ಯಾಂಡ್ ಕಮಾಂಡ್‌ಗೆ ಬೇಸ್64, 32 ಅಂತ ಕೊಟ್ರೂ ಅದೇ ಸಿಗತ್ತೆ. ಎಇಎಸ್-128 ಆದ್ರೆ 16 ಬೈಟ್, 256 ಆದ್ರೆ 32 ಬೈಟ್, ಒಂದು ಬೈಟ್ ಆಚೀಚೆ ಆದ್ರೂ ಎರರ್. ಕಾಪಿ ಮಾಡುವಾಗ ಕೊನೇಲಿರೋ ಈಕ್ವಲ್ ಚಿಹ್ನೆ ಬಿಟ್ಟುಹೋಗದಂಗೆ ನೋಡ್ಕೊಳ್ಳಿ, ಅದೂ ಕೀನೇ.

ಕಾನ್ಫಿಗ್‌ನಲ್ಲಿ ಏನೇನು ಇರ್ಬೇಕು?

ಜೇಸನ್ ಫೈಲು, ಇಟಿಸಿ ಒಳಗೆ ಶ್ಯಾಡೋಸಾಕ್ಸ್-ರಸ್ಟ್ ಅಂತ ಫೋಲ್ಡರ್ ಮಾಡಿ ಅಲ್ಲಿಡಿ. ಸರ್ವರ್ ಅನ್ನೋದಕ್ಕೆ 0.0.0.0, ಐಪಿವಿ6 ಕೂಡ ಬೇಕಿದ್ರೆ ಎರಡು ಕೋಲನ್. ಸರ್ವರ್ ಪೋರ್ಟ್‌ಗೆ ನಂಬರು, ಪಾಸ್‌ವರ್ಡ್‌ಗೆ ಈಗ ಮಾಡಿದ ಕೀ, ಮೆಥಡ್‌ಗೆ ಸೈಫರ್ ಹೆಸರು, ಮೋಡ್‌ಗೆ ಟಿಸಿಪಿ ಆಂಡ್ ಯುಡಿಪಿ ಅಂತ, ಪದಗಳ ಮಧ್ಯೆ ಅಂಡರ್‌ಸ್ಕೋರ್. ಮೋಡ್ ಬರೀದೇ ಬಿಟ್ರೆ ಟಿಸಿಪಿ ಒಂದೇ ಓಡತ್ತೆ, ಆಮೇಲೆ ಕಾಲ್ ಹೋಗ್ತಿಲ್ಲ ಅಂತ ತಲೆ ಕೆಡಿಸ್ಕೋಬೇಕು.

ಪೋರ್ಟು 8388 ಎಲ್ಲರೂ ಬಳಸೋದು, ಬೇರೆ ಯಾವ್ದಾದ್ರೂ ದೊಡ್ಡ ನಂಬರ್ ಇಡಿ. 443 ಇಟ್ರೆ ಎಚ್‌ಟಿಟಿಪಿಎಸ್ ಥರ ಕಾಣ್ಸತ್ತೆ ಅಂತ ಹೇಳೋರಿದಾರೆ, ಕಾಣ್ಸಲ್ಲ. 443ರಲ್ಲಿ ಟಿಎಲ್‌ಎಸ್ ಅಲ್ಲದ್ದು ಹೋದ್ರೆ ನೋಡೋ ಕಣ್ಣಿಗೆ ಇನ್ನೂ ವಿಚಿತ್ರ. 80, 443 ಬಿಟ್ಟು ಬೇರೇದನ್ನೆಲ್ಲಾ ಮುಚ್ಚಿರೋ ಹೋಟೆಲ್ ವೈಫೈಗೆ ಮಾತ್ರ ಅದು ಉಪಯೋಗ.

ರೀಬೂಟ್ ಆದ್ಮೇಲೂ ತಾನೇ ಓಡ್ಬೇಕು, ಹೇಗೆ?

ಸಿಸ್ಟಮ್‌ಡಿ ಯೂನಿಟ್ ಬರೀರಿ. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಎಸ್‌ಎಸ್‌ಸರ್ವರ್‌ನ ಪೂರ್ತಿ ಪಾತ್, ಹೈಫನ್ ಸಿ, ಕಾನ್ಫಿಗ್ ಪಾತ್. ರೀಸ್ಟಾರ್ಟ್ ಆನ್-ಫೇಲ್ಯೂರ್. ಆಫ್ಟರ್ ಅನ್ನೋ ಕಡೆ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್. ರೂಟಲ್ಲಿ ಓಡಿಸ್ಬೇಡಿ, ಲಾಗಿನ್ ಇಲ್ಲದ ಒಂದು ಸಿಸ್ಟಮ್ ಯೂಸರ್ ಮಾಡಿ. ಇಲ್ಲಿ ಒಂದು ಸಣ್ಣ ಸಿಕ್ಕು: ಕೀ ಇರೋ ಫೈಲಿಗೆ 600 ಪರ್ಮಿಷನ್ ಕೊಟ್ಟು ಓನರ್ ರೂಟ್ ಅಂತ ಬಿಟ್ರೆ ಆ ಹೊಸ ಯೂಸರ್‌ಗೆ ಅದನ್ನ ಓದೋಕೇ ಆಗಲ್ಲ, ಸರ್ವಿಸ್ ಬೀಳತ್ತೆ. ಓನರ್ ರೂಟ್, ಗ್ರೂಪ್ ಆ ಯೂಸರ್‌ದು, ಪರ್ಮಿಷನ್ 640, ಹೀಗಿಟ್ರೆ ಸರಿ. ಪೋರ್ಟ್ 1024ಕ್ಕಿಂತ ಕಮ್ಮಿ ಆದ್ರೆ ಆಂಬಿಯೆಂಟ್ ಕೆಪಬಿಲಿಟೀಸ್‌ನಲ್ಲಿ ಕ್ಯಾಪ್ ನೆಟ್ ಬೈಂಡ್ ಸರ್ವಿಸ್ (ಪದಗಳ ಮಧ್ಯೆ ಅಂಡರ್‌ಸ್ಕೋರ್) ಕೂಡ ಬೇಕು. ಆಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಎನೇಬಲ್ ಹೈಫನ್ ಹೈಫನ್ ನೌ.

ಫೈರ್‌ವಾಲ್?

ಯುಎಫ್‌ಡಬ್ಲ್ಯು ಎನೇಬಲ್ ಮಾಡೋಕ್ ಮುಂಚೆ ಎಸ್‌ಎಸ್‌ಎಚ್ ಅಲೌ ಮಾಡಿ, ಇಲ್ದಿದ್ರೆ ನಿಮ್ಮನ್ನ ನೀವೇ ಹೊರಗೆ ಹಾಕ್ಕೋತೀರ. ಆಮೇಲೆ ನಿಮ್ಮ ಪೋರ್ಟ್‌ನ ಟಿಸಿಪಿ, ಯುಡಿಪಿ ಎರಡಕ್ಕೂ ತೆರೀರಿ. ಎಷ್ಟೋ ಜನ ಮರೆಯೋದು, ಕ್ಲೌಡ್ ಕಂಪನಿಯ ವೆಬ್ ಪೇಜಲ್ಲಿ ಇನ್ನೊಂದು ಫೈರ್‌ವಾಲ್ ಇರತ್ತೆ, ಸೆಕ್ಯುರಿಟಿ ಗ್ರೂಪ್ ಅಂತ, ಅಲ್ಲೂ ತೆರೀಬೇಕು. ಆರೇಕಲ್‌ನ ಫ್ರೀ ಸರ್ವರ್ ತಗೊಂಡಿದ್ರೆ ಅದ್ರ ಉಬುಂಟು ಇಮೇಜಲ್ಲಿ ಮೊದ್ಲಿಂದಾನೇ ಐಪಿಟೇಬಲ್ಸ್ ರೂಲ್ ಕೂತಿರತ್ತೆ, ಹೊರಗಿನಿಂದ 22 ಬಿಟ್ಟು ಬೇರೆ ಪೋರ್ಟ್ ಒಳಗೆ ಬಿಡಲ್ಲ, ಹಾಗಾಗಿ ವೆಬ್ ಪೇಜಲ್ಲಿ ತೆರೆದಿದ್ರೂ ಆಗ್ತಿಲ್ವಲ್ಲಾ ಅಂತ ಒದ್ದಾಡೋದು.

ಫೋನು, ಲ್ಯಾಪ್‌ಟಾಪಲ್ಲಿ ಏನ್ ಹಾಕೋದು?

ಲಿನಕ್ಸ್ ಲ್ಯಾಪ್‌ಟಾಪ್‌ಗೆ ಅದೇ ಟಾರ್ ಫೈಲಲ್ಲಿರೋ ಎಸ್‌ಎಸ್‌ಲೋಕಲ್. ಕಾನ್ಫಿಗ್ ಅದೇ, ಸರ್ವರ್ ಜಾಗಕ್ಕೆ ನಿಜವಾದ ಐಪಿ, ಜೊತೆಗೆ ಲೋಕಲ್ ಅಡ್ರೆಸ್ 127.0.0.1, ಲೋಕಲ್ ಪೋರ್ಟ್ 1080. ಆಂಡ್ರಾಯ್ಡ್‌ಗೆ ಶ್ಯಾಡೋಸಾಕ್ಸ್ ಅನ್ನೋ ಆಪೇ ಇದೆ, ಒಳಗಡೆ ರಸ್ಟ್ ಕೋಡೇ, ಆಪ್ ಪ್ರಕಾರ ಬೇರೆ ಮಾಡೋಕೂ ಬರತ್ತೆ. ಐಫೋನ್‌ಗೆ ಶ್ಯಾಡೋರಾಕೆಟ್, ದುಡ್ಡು ಕೊಡ್ಬೇಕು. ಸಿಂಗ್-ಬಾಕ್ಸ್ ಎಲ್ಲಾ ಕಡೆ ಓಡತ್ತೆ. ಔಟ್‌ಲೈನ್ ಆಪ್ ಹಾಕಿ 2022 ಕೀ ಪೇಸ್ಟ್ ಮಾಡಿದ್ರೆ ಆಗಲ್ಲ, ಅದಕ್ಕೆ ಗೊತ್ತಿರೋದು 2017ರ ಸೈಫರ್‌ಗಳು ಮಾತ್ರ.

ಪ್ರಾಕ್ಸಿ ಓಡ್ತಿದೆ, ಆದ್ರೂ ಡಿಎನ್‌ಎಸ್ ಲೀಕ್ ಅಂತ ತೋರಿಸ್ತಿದೆ

ಸೈಟಿನ ಹೆಸರನ್ನ ಐಪಿಗೆ ಬದ್ಲಾಯಿಸೋ ಕೆಲ್ಸ ನಿಮ್ಮ ಲ್ಯಾಪ್‌ಟಾಪಲ್ಲೇ ಆಗ್ತಿದೆ, ಪ್ರಾಕ್ಸಿ ಆಚೆ ಆಗ್ಬೇಕಿತ್ತು. ಫೈರ್‌ಫಾಕ್ಸಲ್ಲಿ ಅದೇ ಪ್ರಾಕ್ಸಿ ಪೇಜಿನ ಕೆಳಗಡೆ ಸಾಕ್ಸ್ 5 ಇದ್ದಾಗ ಡಿಎನ್‌ಎಸ್‌ನೂ ಪ್ರಾಕ್ಸಿ ಮೂಲಕ ಕಳಿಸು ಅಂತ ಒಂದು ಟಿಕ್ ಇದೆ, ಹಾಕಿ. ಕರ್ಲ್‌ನಲ್ಲಿ ಟೆಸ್ಟ್ ಮಾಡೋರು ಸಾಕ್ಸ್5 ಬದಲು ಸಾಕ್ಸ್5ಎಚ್ ಬಳಸಿ, ಆ ಕೊನೇ ಎಚ್ ಒಂದರಿಂದ ಹೆಸರು ಹುಡುಕೋದು ಸರ್ವರ್ ಕಡೆಗೆ ಹೋಗತ್ತೆ. ಇದು ಸಣ್ಣ ವಿಷ್ಯ ಅಲ್ಲ, ಇಷ್ಟೆಲ್ಲಾ ಮಾಡಿ ಯಾವ ಸೈಟ್ ನೋಡ್ತಿದೀರ ಅಂತ ಹಾಸ್ಟೆಲ್ ರೌಟರ್‌ಗೇ ಹೇಳ್ಕೊಟ್ಟಂಗಾಗತ್ತೆ.

ಎಲ್ಲಾ ಸರಿಯಿದೆ, ಆದ್ರೂ ಕನೆಕ್ಟ್ ಆಗ್ತಿಲ್ಲ!

ಮೊದ್ಲು ಗಡಿಯಾರ. ಸರ್ವರಲ್ಲಿ ಟೈಮ್‌ಡೇಟ್‌ಸಿಟಿಎಲ್ ಹೊಡೆದು ಸಿಂಕ್ರೊನೈಸ್ಡ್ ಯೆಸ್ ಅಂತಿದ್ಯಾ ನೋಡಿ. ಆಮೇಲೆ ನಿಮ್ಮ ಕಡೆ. ಒಂದೇ ಲ್ಯಾಪ್‌ಟಾಪಲ್ಲಿ ವಿಂಡೋಸೂ ಲಿನಕ್ಸೂ ಎರಡೂ ಇಟ್ಕೊಂಡೋರಿಗೆ ಇದು ಗ್ಯಾರಂಟಿ ಬರೋ ಕಾಟ: ಲಿನಕ್ಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಯುಟಿಸಿ ಬರೀತದೆ, ವಿಂಡೋಸ್ ಅದನ್ನೇ ಲೋಕಲ್ ಟೈಮ್ ಅಂತ ಓದ್ಕೊಳತ್ತೆ, ಸರಿಯಾಗಿ 5:30 ಗಂಟೆ ಹಿಂದೆ. ಲಿನಕ್ಸಲ್ಲಿ ಓಡೋ ಪ್ರಾಕ್ಸಿ ವಿಂಡೋಸಲ್ಲಿ ಯಾಕೆ ಓಡಲ್ಲ ಅಂತ ಆಮೇಲೆ ಕೇಳ್ತಾರೆ. ಇನ್ನು ಕೆಲವರು ದುಬೈಗೆ ಇಳಿದು ಟೈಮ್ ಝೋನ್ ಬದ್ಲಾಯಿಸೋ ಬದ್ಲು ಮುಳ್ಳನ್ನೇ ಒಂದೂವರೆ ಗಂಟೆ ಹಿಂದೆ ತಿರುಗಿಸ್ತಾರೆ. ನೋಡೋಕೆ ಟೈಮ್ ಸರಿ ಇರತ್ತೆ, ಒಳಗಿನ ಯುಟಿಸಿ ಒಂದೂವರೆ ಗಂಟೆ ತಪ್ಪು, 30 ಸೆಕೆಂಡ್ ರೂಲ್‌ಗೆ ಸಿಕ್ಕಿ ಔಟ್. ಆಟೋಮ್ಯಾಟಿಕ್ ಟೈಮ್ ಇಟ್ಬಿಡಿ.

ಗಡಿಯಾರ ಸರಿ ಇದ್ರೆ ಸರ್ವರಲ್ಲಿ ಎಸ್‌ಎಸ್ ಕಮಾಂಡ್‌ಗೆ ಹೈಫನ್ ಟಿಯುಎಲ್‌ಎನ್‌ಪಿ ಕೊಟ್ಟು ಪೋರ್ಟಲ್ಲಿ ಯಾರು ಕೂತಿದಾರೆ ನೋಡಿ, ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ಓದಿ. ಟೆಲ್ನೆಟ್ ಹೊಡೆದು ಉತ್ತರ ಬರ್ತಿಲ್ಲ ಅಂತ ಗಾಬರಿ ಬೀಳ್ಬೇಡಿ, ಕೀ ಇಲ್ದೋರಿಗೆ ಉತ್ತರ ಕೊಡ್ದೆ ಸುಮ್ನಿರೋದೇ ಅದ್ರ ಸ್ವಭಾವ.

ಸ್ಪೀಡ್ ಇಲ್ಲ

ದೂರ ಎಷ್ಟು ಅನ್ನೋದೇ ಮುಕ್ಕಾಲು ಉತ್ತರ. ಬೆಂಗಳೂರಿನ ಮನೆಯಿಂದ ಅಮೆರಿಕಾದ ಸರ್ವರ್‌ಗೆ ಹೋಗಿ ವಾಪಸ್ ಬರೋಕೆ 200 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು, ಯಾವ ಸೆಟ್ಟಿಂಗ್ ಇಂದಾನೂ ಅದು ಕಮ್ಮಿ ಆಗಲ್ಲ. ಮಾಡ್ಬಹುದಾದ್ದು ಒಂದು, ಸರ್ವರಲ್ಲಿ ಬಿಬಿಆರ್ (ಟಿಸಿಪಿ ಎಷ್ಟು ವೇಗದಲ್ಲಿ ಕಳಿಸ್ಬೇಕು ಅಂತ ಲೆಕ್ಕ ಹಾಕೋ ವಿಧಾನ) ಆನ್ ಮಾಡಿ. 4.9 ಕರ್ನಲ್‌ನಿಂದ ಇದೆ, ಸಿಸ್‌ಸಿಟಿಎಲ್‌ನಲ್ಲಿ ಕಂಜೆಶನ್ ಕಂಟ್ರೋಲ್‌ಗೆ ಬಿಬಿಆರ್, ಡಿಫಾಲ್ಟ್ ಕ್ಯೂಡಿಸ್ಕ್‌ಗೆ ಎಫ್‌ಕ್ಯೂ. ಪ್ಯಾಕೆಟ್ ಕಳೆಯೋ ಉದ್ದ ದಾರೀಲಿ ಡೌನ್‌ಲೋಡ್ ಚೆನ್ನಾಗಿ ಸುಧಾರಿಸತ್ತೆ. ಎನ್‌ಕ್ರಿಪ್ಷನ್ ಇಂದ ಸ್ಲೋ ಆಗಿದೆ ಅನ್ನೋದು ಹೆಚ್ಚಾಗಿ ಸುಳ್ಳು.

ಚೀನಾಗೆ ಹೋಗ್ತಿದೀನಿ, ಇದು ಸಾಕಾ?

ಒಂದೆರಡು ವಾರಕ್ಕೆ ಹೋಗ್ತಿದ್ರೆ ಪ್ರಾಕ್ಸಿಗಿಂತ ಮುಂಚೆ ಇಂಡಿಯಾ ಸಿಮ್‌ನ ರೋಮಿಂಗ್ ಪ್ಯಾಕ್ ನೋಡಿ. ರೋಮಿಂಗ್ ಡೇಟಾ ಸಾಮಾನ್ಯವಾಗಿ ಊರಿನ ಆಪರೇಟರ್ ನೆಟ್‌ವರ್ಕ್ ತನಕ ಬಂದು ಅಲ್ಲಿಂದ ಇಂಟರ್‌ನೆಟ್‌ಗೆ ಹೋಗತ್ತೆ, ಹಾಗಾಗಿ ಚೀನಾದ ಫೈರ್‌ವಾಲ್ ಅಡ್ಡ ಬರಲ್ಲ.

ಅಲ್ಲೇ ಇದ್ದು ಓದೋರಿಗೆ, ಕೆಲ್ಸ ಮಾಡೋರಿಗೆ ಉತ್ತರ ಬೇರೆ. 2021ರ ನವೆಂಬರ್‌ನಿಂದ ಅಲ್ಲಿನ ಫೈರ್‌ವಾಲ್ ಪೂರ್ತಿ ರ‍್ಯಾಂಡಮ್ಮಾಗಿ ಕಾಣೋ ಟ್ರಾಫಿಕ್ಕನ್ನೇ ಹಿಡಿಯೋಕೆ ಶುರುಮಾಡ್ತು, 2023ರಲ್ಲಿ ಸಂಶೋಧಕರು ಅದು ಹೇಗೆ ಅಂತ ಬಿಡಿಸಿ ತೋರಿಸಿದಾರೆ. ಮೊದಲ ಪ್ಯಾಕೆಟ್ಟಿನಲ್ಲಿ ಓದೋಕಾಗೋ ಅಕ್ಷರ ಎಷ್ಟಿದೆ, ಒಂದರ ಬಿಟ್‌ಗಳು ಸೊನ್ನೆಯ ಬಿಟ್‌ಗಳು ಹತ್ತಿರ ಹತ್ತಿರ ಸಮ ಇದ್ಯಾ, ಟಿಎಲ್‌ಎಸ್ ಅಥವಾ ಎಚ್‌ಟಿಟಿಪಿ ಥರ ಶುರುವಾಗಿದ್ಯಾ ಅಂತ ನೋಡತ್ತೆ. ಯಾವ್ದೂ ಅಲ್ಲ, ಬರೀ ರ‍್ಯಾಂಡಮ್ ಅಂದ್ರೆ ಬ್ಲಾಕ್. ಶ್ಯಾಡೋಸಾಕ್ಸ್ ಎಷ್ಟು ಚೆನ್ನಾಗಿ ಎನ್‌ಕ್ರಿಪ್ಟ್ ಮಾಡತ್ತೋ ಅಷ್ಟು ಚೆನ್ನಾಗಿ ಸಿಕ್ಕಿಬೀಳತ್ತೆ! ಎನ್‌ಕ್ರಿಪ್ಷನ್ ಗಟ್ಟಿ ಇರೋದೇ ಬೇರೆ, ಕಣ್ಣಿಗೆ ಬೀಳ್ದೆ ಇರೋದೇ ಬೇರೆ. ಅಲ್ಲಿಗೆ ಟಿಎಲ್‌ಎಸ್ 1.3 ಥರಾನೇ ಕಾಣೋ ಟ್ರೋಜನ್, ನೈವ್‌ಪ್ರಾಕ್ಸಿ, ಎಕ್ಸ್‌ರೇಯ ರಿಯಾಲಿಟಿ ಥರದವು ಬೇಕು, ಅವುಗಳ ಸೆಟಪ್ಪೇ ಬೇರೆ ಕಥೆ.

ಕಾನೂನು ಪ್ರಕಾರ ಸರಿನಾ?

ಇಂಡಿಯಾದಲ್ಲಿ ನಿಮ್ಮ ಸ್ವಂತಕ್ಕೆ ಪ್ರಾಕ್ಸಿ ಹಾಕ್ಕೊಳ್ಳೋದು ಅಪರಾಧ ಅಲ್ಲ. ಅದ್ರಲ್ಲಿ ಮಾಡೋ ಕೆಲ್ಸ ಅಪರಾಧ ಆದ್ರೆ ಅದು ಅಪರಾಧನೇ, ಪ್ರಾಕ್ಸಿ ಇದ್ರೂ ಇಲ್ದಿದ್ರೂ. ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಆಗಾಗ ವಿಪಿಎನ್ ನಿಷೇಧದ ಆದೇಶ ಬರತ್ತೆ, ಅಲ್ಲಿಗೆ ಹೋಗೋರು ವಿಚಾರಿಸ್ಕೊಳ್ಳಿ.

2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ವಿಪಿಎಸ್, ಕ್ಲೌಡ್, ವಿಪಿಎನ್ ಕೊಡೋ ಕಂಪನಿಗಳು ಗ್ರಾಹಕರ ವಿವರ 5 ವರ್ಷ ಇಟ್ಕೋಬೇಕು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್ ಇಲ್ಲಿಂದ ಸರ್ವರ್ ಎತ್ಕೊಂಡು ಹೋಗಿದ್ದು ಅದಕ್ಕೇ. ನೀವು ನಿಮ್ಮ ಪ್ರಾಕ್ಸಿನ ಸಾರ್ವಜನಿಕರಿಗೆ ತಿಂಗಳಿಗಿಷ್ಟು ಅಂತ ಮಾರೋಕೆ ಶುರುಮಾಡಿದ್ರೆ ಆ ನಿಯಮ ನಿಮ್ಮ ತಲೆಗೂ ಬರತ್ತೆ.

ಗಲ್ಫ್‌ನಲ್ಲಿರೋರು ಇದನ್ನ ಗಂಭೀರವಾಗಿ ಓದಿ. ಯುಎಇಯ 2021ರ ಸೈಬರ್ ಅಪರಾಧ ಕಾನೂನಲ್ಲಿ ಐಪಿ ಮರೆಮಾಡಿ ಅಪರಾಧ ಮಾಡಿದ್ರೆ ಜೈಲು, ಇಲ್ಲಾ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಇಲ್ಲಾ ಎರಡೂ ಅಂತಿದೆ. ಊರಿಗೆ ವಾಟ್ಸಾಪ್ ಕಾಲ್ ಮಾಡೋಕೆ ಅಂತ ಈ ರಿಸ್ಕ್ ತಗೊಳ್ಳಿ ಅಂತ ನಾನಂತೂ ಹೇಳಲ್ಲ, ಅಲ್ಲಿ ಅನುಮತಿ ಇರೋ ಬೋಟಿಮ್ ಥರದ ಆಪ್ ಬಳಸಿ.

ಇದ್ರಿಂದ ನಾನು ಯಾರು ಅಂತ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಗೊತ್ತಾಗತ್ತೆ. ಸರ್ವರ್ ನಿಮ್ಮ ಹೆಸರಲ್ಲಿ, ನಿಮ್ಮ ಕಾರ್ಡಿಂದ ದುಡ್ಡು ಕಟ್ಟಿರೋದು, ಆ ಐಪಿ ಬಳಸೋದು ನೀವೊಬ್ಬರೇ. ಸಾವಿರ ಜನ ಬಳಸೋ ವಿಪಿಎನ್‌ಗಿಂತ ಒಂದ್ ಲೆಕ್ಕದಲ್ಲಿ ಹುಡುಕೋದು ಇನ್ನೂ ಸುಲಭ. ಹಾಸ್ಟೆಲ್ ವೈಫೈಯೋನಿಗೆ, ಇಂಟರ್‌ನೆಟ್ ಕಂಪನಿಗೆ ನೀವು ಯಾವ ಸೈಟ್ ನೋಡ್ತಿದೀರ ಅಂತ ಕಾಣಲ್ಲ, ಅಷ್ಟು ನಿಜ, ಆದ್ರೆ ಅದೇ ಮಾಹಿತಿ ಈಗ ವಿಪಿಎಸ್ ಕಂಪನಿಗೆ ಕಾಣ್ಸತ್ತೆ. ಎಚ್‌ಟಿಟಿಪಿಎಸ್ ಸೈಟಿನ ಒಳಗಿನ ವಿಷ್ಯ ಅವರಿಗೂ ಕಾಣಲ್ಲ, ಸೈಟಿನ ಹೆಸರು ಸಾಮಾನ್ಯವಾಗಿ ಕಾಣ್ಸತ್ತೆ.

ಕೀ ಯಾರಿಗಾದ್ರೂ ಸಿಕ್ಬಿಟ್ರೆ?

ಇದು ಶ್ಯಾಡೋಸಾಕ್ಸ್‌ನ ನಿಜವಾದ ದೌರ್ಬಲ್ಯ, 2022ರದ್ದೂ ಸೇರಿ. ಟಿಎಲ್‌ಎಸ್ 1.3, ವೈರ್‌ಗಾರ್ಡ್, ಎಸ್‌ಎಸ್‌ಎಚ್ ಎಲ್ಲದ್ರಲ್ಲೂ ಪ್ರತೀ ಸಲ ತಾತ್ಕಾಲಿಕ ಕೀ ಹುಟ್ಟಿ ಸಾಯತ್ತೆ, ನಾಳೆ ಮುಖ್ಯ ಕೀ ಕಳುವಾದ್ರೂ ನಿನ್ನೆ ರೆಕಾರ್ಡ್ ಮಾಡಿದ್ದನ್ನ ಬಿಚ್ಚೋಕಾಗಲ್ಲ. ಶ್ಯಾಡೋಸಾಕ್ಸಲ್ಲಿ ಆ ರಕ್ಷಣೆ ಇಲ್ಲ, ಕೀ ಸಿಕ್ಕೋನು ಹಳೇ ರೆಕಾರ್ಡಿಂಗ್ ಇಟ್ಕೊಂಡಿದ್ರೆ ಅದನ್ನೂ ಬಿಚ್ತಾನೆ. ಒಳಗಿರೋ ಎಚ್‌ಟಿಟಿಪಿಎಸ್ ಪದರ ಹಾಗೇ ಇರತ್ತೆ ಅನ್ನೋದೊಂದೇ ಸಮಾಧಾನ. ಅದಕ್ಕೆ ಕೀನ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೇಡಿ, ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಅಂದ್ರೂ ಅದು ಕೀನೇ. ಮನೆಯೋರಿಗೆ ಕೊಡೋದಾದ್ರೆ ಒಬ್ಬೊಬ್ಬರಿಗೂ ಬೇರೆ ಯೂಸರ್ ಕೀ ಮಾಡಿ, ಒಂದು ಫೋನ್ ಕಳೆದ್ರೆ ಆ ಒಂದು ಸಾಲು ತೆಗೆದು ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಉಳಿದೋರಿಗೆ ತೊಂದ್ರೆ ಇಲ್ಲ.

ಹಾಕಿದ್ಮೇಲೆ ಮತ್ತೆ ಏನಾದ್ರೂ ನೋಡ್ಕೋಬೇಕಾ?

ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಇಟ್ರೆ ಉಬುಂಟು ತನ್ನ ಪ್ಯಾಕೇಜುಗಳನ್ನ ತಾನೇ ನೋಡ್ಕೊಳತ್ತೆ, ಆದ್ರೆ ಕೈಯಾರೆ ಕಾಪಿ ಮಾಡಿದ ಎಸ್‌ಎಸ್‌ಸರ್ವರ್ ಅದ್ರ ಲೆಕ್ಕಕ್ಕೆ ಬರಲ್ಲ, ಗಿಟ್‌ಹಬ್‌ನಲ್ಲಿ ಆ ಪ್ರಾಜೆಕ್ಟಿನ ರಿಲೀಸ್‌ಗೆ ವಾಚ್ ಹಾಕಿಟ್ಕೊಂಡ್ರೆ ಮೇಲ್ ಬರತ್ತೆ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ ಇಡಿ25519 ಕೀ ಇಡಿ. ಎಸ್‌ಎಸ್‌ಎಚ್ ಪೋರ್ಟ್ ಬದ್ಲಾಯಿಸೋ ಚಟ ಇರೋರಿಗೆ: ಉಬುಂಟು 24.04ರಲ್ಲಿ ಕಾನ್ಫಿಗ್ ಬದ್ಲಾಯಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಸಾಲ್ದು, ಡೀಮನ್-ರೀಲೋಡ್ ಮಾಡಿ ಎಸ್‌ಎಸ್‌ಎಚ್ ಡಾಟ್ ಸಾಕೆಟ್ ರೀಸ್ಟಾರ್ಟ್ ಮಾಡ್ಬೇಕು, ಮತ್ತೆ ಹೊಸ ಪೋರ್ಟಲ್ಲಿ ಇನ್ನೊಂದು ವಿಂಡೋದಿಂದ ಲಾಗಿನ್ ಆಗೋ ತನಕ ಹಳೇ ವಿಂಡೋ ಮುಚ್ಬೇಡಿ.